ತಮ್ಮ ನಡೆಯದ ಕೆರೆ ಏರಿ

ಯಾರಾದರೂ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ನ್ಯಾಯ ಹೇಳಲು ಕೂತರೆ ನನಗೆ ಈಗಲೂ ಮೈ ಉರಿಯುತ್ತದೆ. ಸೊಸೆಯಂದಿರು, ಅತ್ತೆಗೆ ವಯಸ್ಸಾದಂತೆ ಬಾಯಿ ಜೋರಾಯಿತು ಅನ್ನುತ್ತಾರೆ. ಅವರಿಗೇನು ಗೊತ್ತು. ಹುಟ್ಟಿದಾಗಿನಿಂದ ಜೋರೇ. ತುಮಕೂರಿನಲ್ಲಿ ಜಡ್ಜ್ ಸಾಹೇಬರ ಮುಂದೆಯೇ ತೆಗೆದ ಬಾಯಿ ಇದು. ತೆಗೆದದ್ದರಿಂದ ಏನೂ ಆಗಲಿಲ್ಲ, ಅದು ಬೇರೆ ಮಾತು.

ನನ್ನ ತವರು ಕೊಳಾಲದ ಕಡೆಯ ಒಂದು ಹಳ್ಳಿ. ಕೊಟ್ಟದ್ದು ಕೊಡಿಗೇನಹಳ್ಳಿಗೆ, ಅಂಗಡಿ ಇಟ್ಟುಕೊಂಡಿದ್ದವರ ಮನೆಗೆ. ಮೂವರು ಗಂಡುಮಕ್ಕಳ ನಡುವೆ ನಾನೊಬ್ಬಳು ಹೆಣ್ಣು. ದೊಡ್ಡಣ್ಣ, ಅವನ ಹಿಂದೆ ಚಿಕ್ಕಣ್ಣ, ಆಮೇಲೆ ನಾನು, ಕೊನೆಗೆ ತಮ್ಮ. ಅಪ್ಪ ಹೋದಾಗ ತಮ್ಮ ಇನ್ನೂ ನನ್ನ ಸೊಂಟದ ಮೇಲಿದ್ದ. ಅಪ್ಪನ ಕೋಪವನ್ನು ಅಣ್ಣಂದಿರಿಬ್ಬರೂ ಪಾಲು ಮಾಡಿಕೊಂಡರು, ನನಗೂ ಒಂದಿಷ್ಟು ಬಂತು, ತಮ್ಮನಿಗೆ ಮಾತ್ರ ಏನೂ ಉಳಿಯಲಿಲ್ಲ. ಹಿತ್ತಲಲ್ಲಿ ಹಾವು ಕಂಡರೂ "ಹೋಗ್ಲಿ ಬುಡಕ್ಕ, ಅದರ ದಾರಿ ಅದಕ್ಕೆ" ಅನ್ನುತ್ತಿದ್ದ. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಅವನಿಗೂ ಅಕ್ಷರ ಕಲಿಸಲು ಕೂತರೆ ನನ್ನ ಬೆನ್ನಿಗೆ ಒರಗಿ ನಿದ್ದೆ ಮಾಡುತ್ತಿದ್ದ. ದೊಡ್ಡವನಾದ ಮೇಲೂ ಬೀಡಿ ಇಲ್ಲ, ಹೆಂಡ ಇಲ್ಲ. ಎಲೆ ಅಡಿಕೆಯನ್ನಂತೂ ಮೂಸುತ್ತಲೂ ಇರಲಿಲ್ಲ. ಸುಣ್ಣ ತಾಗಿದರೆ ಅವನ ನಾಲಿಗೆ ಒಡೆದು ಹುಣ್ಣಾಗುತ್ತಿತ್ತು. ನನ್ನ ಮದುವೆಯಲ್ಲಿ ನೆಂಟರು ತಮಾಷೆಗೆ ಅಂತ ಬಲವಂತವಾಗಿ ತಿನ್ನಿಸಿದ್ದಕ್ಕೆ, ಪಾಪ, ಮಾರನೆಯ ದಿನವೆಲ್ಲ ಬರೀ ಮಜ್ಜಿಗೆ ಕುಡಿದುಕೊಂಡು ಓಡಾಡಿದ್ದ.

ಜಗಳ ಕೆರೆ ನೀರಿನದು. ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ನಮ್ಮ ಗದ್ದೆ ಬಯಲಿನ ಕಟ್ಟಕಡೆಗಿತ್ತು. ತೂಬು ಎತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುವವನು ನೀರುಗಂಟಿ. ಆ ವರ್ಷ ಕೆರೆ ಅರ್ಧವೇ ತುಂಬಿತ್ತು. ನೀರು ನಮ್ಮ ಗದ್ದೆ ಮುಟ್ಟುವ ಹೊತ್ತಿಗೆ ನೀರುಗಂಟಿ ತೂಬು ಮುಚ್ಚಿಬಿಡುತ್ತಿದ್ದ. ಪಟೇಲರು ಹೇಳಿದ ಹಾಗೆ ಇವನು ಕುಣಿಯುತ್ತಾನೆ ಅಂತ ದೊಡ್ಡಣ್ಣನ ದೂರು. ಇದ್ದರೂ ಇದ್ದೀತು. ಆದರೆ ಪಟೇಲರ ಮುಂದೆ ನಿಂತು ಕೇಳುವ ಗಂಡಸುತನ ನಮ್ಮವರಿಗೆ ಇರಲಿಲ್ಲ. ಕೈಗೆ ಸಿಕ್ಕವನು ನೀರುಗಂಟಿ.

ಒಂದು ದಿನ ಬೆಳ್ಳಂಬೆಳಗ್ಗೆ, ಕೆರೆಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ, ದೊಡ್ಡಣ್ಣ ಅವನ ಗುಡಿಸಲಿಗೆ ನುಗ್ಗಿದ. ಮಲಗಿದ್ದವನ ತಲೆಯ ಮೇಲೆ ಕಂಬಳಿ ಮುಚ್ಚಿ ಬಿಗಿದು ದೊಣ್ಣೆಯಿಂದ ಬಲಗೈ ಮುರಿದ. ಅದೇ ಹೊತ್ತಿಗೆ ಏರಿಯ ಆ ತುದಿಯಲ್ಲಿ ಚಿಕ್ಕಣ್ಣ ತೂಬು ಒಡೆದು ನೀರು ಬಿಟ್ಟ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಅತ್ತಿಗೆಯ ಬಾಯಿಂದ ವಿಷಯ ಬಿದ್ದದ್ದೇ ತಮ್ಮ ತಡೆಯಲು ಓಡಿದ. ಅವನು ಗುಡಿಸಲು ಮುಟ್ಟುವಷ್ಟರಲ್ಲಿ ದೊಡ್ಡಣ್ಣ ಹಿಂದಿನಿಂದ ಪರಾರಿ. ನೀರುಗಂಟಿ ಕಂಬಳಿಯೊಳಗೆ ಉಸಿರು ಕಟ್ಟಿ ಒದ್ದಾಡುತ್ತಿದ್ದ. ತಮ್ಮ, ಗಂಟು ಬಿಚ್ಚಿ ಕಂಬಳಿ ತೆಗೆದ. ನೀರುಗಂಟಿ ಕಣ್ಣು ಬಿಟ್ಟಾಗ ಅವನಿಗೆ ಕಂಡದ್ದು ಆ ಒಂದೇ ಮುಖ.

ನಾನು ಬಾಣಂತನಕ್ಕೆಂದು ಬಂದು ತವರಿನಲ್ಲೇ ಇದ್ದೆ. ಕೊರಟಗೆರೆಯಿಂದ ಪೊಲೀಸರು ಬರುವ ಮೊದಲು ನಮ್ಮ ಕುಲದ ಯಜಮಾನರು ಬಂದರು. ಸುತ್ತಿನ ಹಳ್ಳಿಗಳಲ್ಲಿ ನಮ್ಮ ಜನರ ಜಗಳ ತೀರ್ಮಾನ ಮಾಡುವವರು ಅವರೇ. ಜಗಲಿಯ ಮೇಲೆ ಕೂತು ಎಲೆಯ ಚೀಲ ಬಿಚ್ಚಿದರು. ಆ ಚೀಲ ಬಿಚ್ಚಿತು ಅಂದರೆ ಯಾರದೋ ಕತೆ ಮುಗಿಯಿತು ಅಂತ ಅರ್ಥ. ನಾನು ಬಾಗಿಲ ಹಿಂದೆ ಮಗುವಿಗೆ ಹಾಲು ಕೊಡುತ್ತಾ ಕೇಳಿಸಿಕೊಳ್ಳುತ್ತಿದ್ದೆ.

"ಸರ್ಕಾರದೋರು ಮೂರು ಜನಾನೂ ಹಿಡ್ಕೊಂಡೋದ್ರೆ ಆರಂಬ ಮಾಡೋರು ಯಾರು?" ಅಂದರು ಯಜಮಾನರು. "ಒಬ್ಬ ಒಪ್ಕೊಂಡ್ರೆ ಸಾಕು. ಒಂದು ಜಗಳಕ್ಕೆ ಒಂದು ತಪ್ಪು. ನಮ್ಮಲ್ಲಿ ಹೆಂಗೋ ಸರ್ಕಾರದಲ್ಲೂ ಅಂಗೇಯ."

ನಮ್ಮಲ್ಲಿ ಇದ್ದದ್ದು ಹಾಗೇ. ನಾನು ಚಿಕ್ಕವಳಿದ್ದಾಗ ಒಬ್ಬ ತನ್ನ ದಾಯಾದಿಯ ಬೇಲಿ ಕಿತ್ತು, ಅವನ ಹಲ್ಲು ಉದುರಿಸಿ, ಅವನ ತಾಯಿಯನ್ನು ಬಾಯಿಗೆ ಬಂದಂತೆ ಬೈದಿದ್ದ. ಯಜಮಾನರು ಅವನಿಗೆ ಹಾಕಿದ್ದು ಒಂದೇ ತಪ್ಪುಕಾಣಿಕೆ. ಕೋಪ ಬಂದದ್ದು ಒಂದೇ ಸಲ, ಅದಕ್ಕೆ ದಂಡವೂ ಒಂದೇ ಅಂತ ಅವರ ಲೆಕ್ಕ. ಆ ಲೆಕ್ಕವನ್ನೇ ಮಹಾರಾಜರ ಕೋರ್ಟೂ ಹಾಕುತ್ತದೆ ಅಂತ ನಂಬಿದ್ದರು. ಕೋರ್ಟಿನ ಮೆಟ್ಟಿಲು ಒಮ್ಮೆಯೂ ಹತ್ತಿದವರಲ್ಲ, ಆದರೆ ಗೊತ್ತಿಲ್ಲ ಅನ್ನುವ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

ಯಾರು ಒಪ್ಪಿಕೊಳ್ಳಬೇಕು ಅಂತ ಕೇಳುವ ಅಗತ್ಯವೇ ಬೀಳಲಿಲ್ಲ. ಅವ್ವ ಕಂಬಕ್ಕೆ ಒರಗಿ ಕೂತಿದ್ದವಳು ತಾನಾಗಿ ಹೇಳಿದಳು. "ಚಿಕ್ಕೋನೇ ಹೋಗ್ಲಿ ಕಣಪ್ಪ. ಅವನಿಗೆ ಹೆಂಡ್ರಿಲ್ಲ ಮಕ್ಕಳಿಲ್ಲ. ಹೆಂಗೂ ನೀರುಗಂಟಿ ಅವನ ಮೊಕಾನೇ ನೋಡವ್ನೆ."

ಹೆತ್ತವಳು ಹೇಳಿದ ಮಾತು ಇದು. ಸಂತೆಯಲ್ಲಿ ಯಾವ ಕುರಿ ಮಾರಲಿ ಅಂತ ಕೇಳಿದರೂ ಅವ್ವ ಇದಕ್ಕಿಂತ ಹೆಚ್ಚು ಹೊತ್ತು ಯೋಚಿಸುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. ಮಗುವನ್ನು ಎತ್ತಿಕೊಂಡೇ ಹೊರಗೆ ಬಂದೆ. "ಕಂಬಳಿ ಮುಚ್ಚಿದೋನು ಮನೇಲಿ, ತೆಗೆದೋನು ಜೈಲಲ್ಲಾ? ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದಂಗಾಯ್ತು" ಅಂದೆ.

ದೊಡ್ಡಣ್ಣ ತಲೆ ಎತ್ತದೆ ಹೇಳಿದ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣಮ್ಮ. ಒಳಕ್ಕೋಗಿ ಮಗೀಗೆ ಹಾಲು ಕುಡ್ಸು."

ತಮ್ಮ ನನ್ನ ಕಡೆ ನೋಡಿ ನಕ್ಕ. ಬೈಯುವ ಅಕ್ಕನನ್ನು ಸಮಾಧಾನ ಮಾಡುವ ನಗು ಅದು, ಆ ನಗುವಿಗೇ ಬಾರಿಸಬೇಕು ಅನ್ನಿಸಿತ್ತು. ಆಮೇಲೆ ಯಜಮಾನರು ಅವನನ್ನು ಮುಂದೆ ಕೂರಿಸಿಕೊಂಡು ಪಾಠ ಹೇಳಿಕೊಟ್ಟರು. ಗುಡಿಸಲು ಏರಿಯ ಈ ತುದಿಗೆ, ತೂಬು ಆ ತುದಿಗೆ. ಒಬ್ಬನೇ ಎರಡೂ ಕಡೆ ಇದ್ದ ಅಂದರೆ ನಂಬುವವರು ಯಾರು. ಅದಕ್ಕೆ ಅವರೇ ದಾರಿ ಹುಡುಕಿದರು. "ಮೊದಲು ಕೈ ಮುರಿದೆ ಅನ್ನು. ಆಮೇಲೆ ಏರಿ ಮೇಲೆ ನಡ್ಕೊಂಡೋದೆ ಅನ್ನು. ನಡುವೆ ಹೊಂಗೆ ಮರದ ಕೆಳಗೆ ಕುಂತ್ಕೊಂಡು ಎಲೆ ಅಡಿಕೆ ಹಾಕ್ಕೊಂಡೆ, ಆಮೇಲೆ ಹೋಗಿ ತೂಬು ಒಡೆದೆ ಅನ್ನು."

"ನಾನು ಎಲೆ ಅಡಿಕೆ ಹಾಕಾಕಿಲ್ವಲ್ಲ ಯಜಮಾನ್ರೇ" ಅಂದ ತಮ್ಮ.

"ಸುಳ್ಳು ಹೇಳೋವಾಗ ಒಸಿ ವಿವರ ಬೇಕು ಕಣ್ಲಾ. ಆಗ್ಲೇ ನಂಬೋದು."

ವಿವರವಂತೆ. ಎಲೆ ಅಡಿಕೆ ಹಾಕಿಕೊಳ್ಳದೆ ಮನುಷ್ಯ ಒಂದು ಏರಿ ದಾಟುವುದು ಅವರ ಊಹೆಗೇ ಬರುತ್ತಿರಲಿಲ್ಲ, ಅಷ್ಟೇ. ಅವ್ವ ಒಳಗಿಂದ ಒಂದು ಲೋಟ ಹಾಲು ತಂದಳು. ಅದರ ಮೇಲೆ ಕೈ ಇಡಿಸಿ, ಪ್ರಾಣ ಹೋದರೂ ಅಣ್ಣಂದಿರ ಹೆಸರು ಎತ್ತುವುದಿಲ್ಲ ಅಂತ ತಮ್ಮನಿಂದ ಭಾಷೆ ತೆಗೆದುಕೊಂಡಳು. ಆಮೇಲೆ ಆ ಹಾಲನ್ನು ದೊಡ್ಡಣ್ಣನ ಮಗನಿಗೆ ಕುಡಿಸಿದಳು.

ಮಧುಗಿರಿಯ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಮ್ಯಾಜಿಸ್ಟ್ರೇಟರು ಚಿಕ್ಕ ವಯಸ್ಸಿನವರು, ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ಸೆಕೆಯಲ್ಲಿ ಬೇಯುತ್ತಿದ್ದರು. ಯಜಮಾನರು ಕಲಿಸಿದ್ದನ್ನು ತಮ್ಮ ಒಂದಕ್ಷರ ಬಿಡದೆ ಒಪ್ಪಿಸಿದ. ಅಕ್ಷರ ಕಲಿಯಲು ನಿದ್ದೆ ಮಾಡಿದವನು ಈ ಪಾಠವನ್ನು ಮಾತ್ರ ಬಾಯಿಪಾಠ ಮಾಡಿದ್ದ. ಯಾರಾದರೂ ಹೆದರಿಸಿ ಹೇಳಿಸುತ್ತಿದ್ದಾರೆಯೇ ಅಂತ ಮ್ಯಾಜಿಸ್ಟ್ರೇಟರು ಬಿಡಿಸಿ ಬಿಡಿಸಿ ಕೇಳಿದರು. ಇಲ್ಲ ಸ್ವಾಮಿ ಅಂದ.

ತೀರ್ಪನ್ನು ಇಂಗ್ಲಿಷಿನಲ್ಲಿ ಓದಿದರು. ಕೋರ್ಟಿನ ಗುಮಾಸ್ತರು ಕನ್ನಡದಲ್ಲಿ ಹೇಳಿದರು. ಕೈ ಮುರಿದದ್ದಕ್ಕೆ ಎರಡು ವರ್ಷ, ತೂಬು ಒಡೆದದ್ದಕ್ಕೆ ಒಂದು ವರ್ಷ, ಮನೆಗೆ ನುಗ್ಗಿದ್ದಕ್ಕೆ ಒಂದು ವರ್ಷ. ಮೊದಲನೆಯದು ಮುಗಿದ ಮೇಲೆ ಎರಡನೆಯದು, ಎರಡನೆಯದು ಮುಗಿದ ಮೇಲೆ ಮೂರನೆಯದು.

ಹೊರಗೆ ಹುಣಸೆ ಮರದ ಕೆಳಗೆ ಯಜಮಾನರು ಅಗಿಯುವುದನ್ನು ನಿಲ್ಲಿಸಿದ್ದನ್ನು ನಾನು ನೋಡಿದ್ದು ಅವತ್ತೊಂದೇ ಸಲ. "ಒಂದೇ ಕೋಪಕ್ಕೆ ಮೂರು ಜೈಲಾ? ಇದ್ಯಾವ ಊರ ನ್ಯಾಯ?" ಅಂದರು. ಆಮೇಲೆ ಮರದ ಬುಡಕ್ಕೆ ಉಗಿದು, ಗಾಡಿ ಹೊತ್ತಾಯಿತು ಅಂತ ಹೊರಟರು. ಅಣ್ಣಂದಿರೂ ಅವರ ಹಿಂದೆ ಗಾಡಿ ಹತ್ತಿದರು. ಪೊಲೀಸರ ನಡುವೆ ನಿಂತ ತಮ್ಮ, ಗಾಡಿ ಬೆಟ್ಟದ ತಿರುವು ದಾಟುವವರೆಗೂ ಅದನ್ನೇ ನೋಡುತ್ತಿದ್ದ.

ಅಪೀಲು ಅನ್ನುವ ಮಾತನ್ನು ನಮ್ಮ ಮನೆಯಲ್ಲಿ ಮೊದಲು ಎತ್ತಿದವಳು ನಾನು. ದೊಡ್ಡಣ್ಣ, ಆದದ್ದು ಆಯಿತು ಅಂದ. ಅಯ್ಯೋ, ಆದದ್ದು ಯಾರಿಗೆ? ನನ್ನ ಗಂಡನಿಗೆ ಹೇಳಿದೆ. ಅವರು ಮಾತು ಕಡಿಮೆಯ ಮನುಷ್ಯ, ಅಂಗಡಿಗೆ ಬಾಗಿಲು ಹಾಕಿ ನನ್ನನ್ನು ಮಧುಗಿರಿಗೆ ಕರೆದುಕೊಂಡು ಬಂದರು. ಅಲ್ಲಿ ಒಬ್ಬ ಹಿರಿಯ ವಕೀಲರ ಮನೆ ಹುಡುಕಿಕೊಂಡು ಹೋದೆವು.

ವಕೀಲರು ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. "ನೋಡಿ ತಾಯಿ, ಮೂರು ಶಿಕ್ಷೆಯೂ ಒಟ್ಟಿಗೆ ನಡೆದರೆ ದೊಡ್ಡದು ಮುಗಿಯುವಾಗ ಚಿಕ್ಕವೂ ಅದರೊಳಗೇ ಮುಗಿಯುತ್ತವೆ. ಎರಡು ವರ್ಷಕ್ಕೆ ಮನೆಗೆ ಬರುತ್ತಾನೆ. ಒಂದರ ಹಿಂದೆ ಒಂದು ನಡೆದರೆ ನಾಲ್ಕು. ಮ್ಯಾಜಿಸ್ಟ್ರೇಟರು ಒಂದರ ಹಿಂದೆ ಒಂದು ಅಂದಿದ್ದಾರೆ. ಒಟ್ಟಿಗೆ ನಡೆಯಲಿ ಅಂತ ಮೇಲಿನ ಕೋರ್ಟಿಗೆ ತಿದ್ದುವ ಅಧಿಕಾರ ಇದೆ. ಮೂರೂ ಒಂದೇ ಗಲಾಟೆ, ಒಂದೇ ಉಸಿರಿನಲ್ಲಿ ನಡೆದದ್ದು ಅಂತ ನಾನು ತೋರಿಸಿಕೊಡಬೇಕು."

ನನಗೆ ಜೀವ ಬಂದಂತಾಯಿತು. ಇದೇ ತಾನೆ ನಮ್ಮ ಯಜಮಾನರು ಹೇಳಿದ್ದು, ಒಂದು ಜಗಳ, ಒಂದು ತಪ್ಪು. ಅಂತೂ ಸರ್ಕಾರಕ್ಕೂ ನಮ್ಮ ಮಾತು ಗೊತ್ತಿದೆ ಅಂದುಕೊಂಡೆ.

ಅಷ್ಟರಲ್ಲಿ ವಕೀಲರು ತಮ್ಮನ ಹೇಳಿಕೆಯ ನಕಲು ಓದಿ ಕನ್ನಡಕ ತೆಗೆದರು. "ಈ ಎಲೆ ಅಡಿಕೆ ಯಾಕೆ ಹಾಕಿಕೊಂಡ ಇವನು?"

ನಾನು ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದೆ. ಕಂಬಳಿ, ತೂಬು, ಹಾಲಿನ ಲೋಟ. ಅವರು ನಕಲನ್ನು ಮತ್ತೊಮ್ಮೆ ಓದಿದರು. ಕೊನೆಗೆ ಅಂದರು, "ನಡೆದದ್ದನ್ನು ಅವನೇ ಬಾಯಿಬಿಟ್ಟು ಹೇಳಿದರೆ ಶಿಕ್ಷೆಯೇ ಉಳಿಯದೆ ಹೋಗಬಹುದು. ಆದರೆ ನಿಮ್ಮ ಅಣ್ಣಂದಿರು ಒಳಗೆ ಹೋಗುತ್ತಾರೆ. ಹೇಳದೆ ಹೋದರೆ, ಅವನು ಒಂದು ಅಪರಾಧ ಮಾಡಿ, ದಾರಿಯಲ್ಲಿ ಕೂತು ಸುಧಾರಿಸಿಕೊಂಡು, ಎದ್ದು ಹೋಗಿ ಇನ್ನೊಂದು ಮಾಡಿದ ಅಂತ ಅವನ ಬಾಯಿಂದಲೇ ಬಂದಿದೆ. ಒಂದೇ ಉಸಿರು ಅಂತ ನಾನು ಹೇಗೆ ವಾದ ಮಾಡಲಿ? ಅವನನ್ನು ಕೇಳಿಕೊಂಡು ಬನ್ನಿ."

ಅತ್ತ ದರಿ, ಇತ್ತ ಪುಲಿ. ಆದರೂ ತುಮಕೂರಿನ ಜೈಲಿಗೆ ಹೋದೆ. ಕೊರಟಗೆರೆಯ ಮೇಲೆ ಹೋಗುವ ಬಸ್ಸಿನಲ್ಲಿ ತವರಿನ ದಾರಿ ಕಂಡರೂ ಇಳಿಯಲಿಲ್ಲ. ತಮ್ಮ ಸರಳುಗಳ ಆಚೆ ಬಂದು ನಿಂತ. ಕಲ್ಲು ಒಡೆದು ಅಂಗೈಯೆಲ್ಲ ಬೊಬ್ಬೆ. ಮೊದಲು ಕೇಳಿದ್ದು ನನ್ನ ಮಗುವಿಗೆ ಹಲ್ಲು ಬಂತಾ ಅಂತ.

"ಹಲ್ಲಿನ ಮಾತು ಆಮೇಲೆ. ಜಡ್ಜರ ಮುಂದೆ ನಿಜ ಹೇಳ್ತೀಯಾ ಇಲ್ವಾ?" ಅಂದೆ.

"ಹಾಲು ಮುಟ್ಟಿವ್ನಿ ಕಣಕ್ಕ."

"ಆ ಹಾಲು ನಿನಗೆ ಕೊಟ್ಟರಾ? ದೊಡ್ಡಣ್ಣನ ಮಗ ಕುಡಿದ. ಅವನನ್ನೇ ಕಳಿಸು ಜೈಲಿಗೆ."

"ಅಂಗೆಲ್ಲ ಅನ್ಬೇಡ" ಅಂದ. ಆಮೇಲೆ, "ಒಟ್ಟಿಗೆ ಮಾಡ್ಬುಟ್ರೆ ಎರಡೇ ವರ್ಷ ಅಂತಲ್ಲಕ್ಕ? ಇಲ್ಲಿ ಒಬ್ಬ ಹೇಳ್ದ. ಎರಡಾದ್ರೆ ಹೆಂಗೋ ಕಳೀತೀನಿ. ನಾಲ್ಕು ಅಂದ್ರೆ ಭಯ ಆಯ್ತದೆ. ಅಷ್ಟೊತ್ತಿಗೆ ಅವ್ವ ಇರ್ತಾಳೋ ಇಲ್ವೋ" ಅಂದ.

ಅವನಿಗೆ ಬೇಕಿದ್ದದ್ದು ಇಷ್ಟೇ. ಬಿಡುಗಡೆಯಲ್ಲ, ಅಣ್ಣಂದಿರಿಗೆ ಶಿಕ್ಷೆಯಲ್ಲ. ಅವ್ವ ಕಣ್ಣು ಮುಚ್ಚುವ ಮೊದಲು ಮನೆ ಸೇರಬೇಕು. ಅವನನ್ನು ಕುರಿಯಂತೆ ಕೊಟ್ಟ ಆ ಅವ್ವ. ನನಗೆ ಬಂದ ಸಿಟ್ಟಿಗೆ ಸರಳು ಹಿಡಿದು ಅಲ್ಲಾಡಿಸಿದೆ, ಪೊಲೀಸಿನವನು ಗದರಿದ.

ಅಪೀಲು ಕೇಳುವ ಜಡ್ಜ್ ಸಾಹೇಬರು ತುಮಕೂರಿಗೆ ಬಂದು ಕೂತ ದಿನ ನಾವೆಲ್ಲ ಹೋದೆವು. ಅಣ್ಣಂದಿರೂ ಬಂದರು, ಅವರ ಜೊತೆ ಯಜಮಾನರೂ ಬಂದರು. ತಮ್ಮನ ಮೇಲಿನ ಪ್ರೀತಿಗಲ್ಲ, ಅವನು ಏನು ಬಾಯಿಬಿಡುತ್ತಾನೋ ನೋಡಲು. ಹಿಂದಿನ ಬೆಂಚಿನಲ್ಲಿ ಮೂವರೂ ಸಾಲಾಗಿ ಕೂತರು. ತಮ್ಮನನ್ನು ಕೈಕೋಳ ಹಾಕಿ ಕರೆತಂದು ಪಕ್ಕದಲ್ಲಿ ನಿಲ್ಲಿಸಿದ್ದರು.

ನಮ್ಮ ವಕೀಲರು ಚೆನ್ನಾಗಿಯೇ ವಾದ ಮಾಡಿದರು. ಒಂದೇ ಬೆಳಗು, ಒಂದೇ ನೀರಿನ ಜಗಳ, ಒಂದೇ ಕೋಪ, ಅಂದಮೇಲೆ ಶಿಕ್ಷೆಗಳು ಒಟ್ಟಿಗೆ ನಡೆಯುವುದೇ ನ್ಯಾಯ ಅಂದರು. ಜಡ್ಜ್ ಸಾಹೇಬರು ವಯಸ್ಸಾದವರು, ಕನ್ನಡದವರೇ. ತಲೆ ಆಡಿಸುತ್ತಾ ಕೇಳುತ್ತಿದ್ದರು. ಆ ತಲೆ ಆಡುವುದನ್ನು ನೋಡಿ ನಾನು ಮನೆದೇವರಿಗೆ ಹರಕೆ ಹೊತ್ತೆ.

ಆಮೇಲೆ ಸರ್ಕಾರಿ ವಕೀಲರು ಎದ್ದರು. ಅವರು ಹೆಚ್ಚು ಮಾತಾಡಲಿಲ್ಲ. ತಮ್ಮನ ಹೇಳಿಕೆಯ ನಾಲ್ಕು ಸಾಲು ಓದಿ ಕೂತರು. ಏರಿಯ ನಡುವೆ ಹೊಂಗೆ ಮರದ ಕೆಳಗೆ ಕೂತು ಎಲೆ ಅಡಿಕೆ ಹಾಕಿಕೊಂಡೆ.

ಜಡ್ಜ್ ಸಾಹೇಬರ ತಲೆ ನಿಂತಿತು. "ಒಬ್ಬ ಮನುಷ್ಯನ ಕೈ ಮುರಿದು, ತಣ್ಣಗೆ ಕೂತು ವೀಳ್ಯ ಮೆದ್ದು, ಎದ್ದು ಹೋಗಿ ಊರ ತೂಬು ಒಡೆದವನದು ಒಂದೇ ಕೋಪ ಅಂತ ನಾನು ಹೇಗೆ ಹೇಳಲಿ?" ಅಂದರು. "ಎದ್ದು ಮನೆಗೆ ಹೋಗಲು ಅವನಿಗೆ ಸಮಯ ಇತ್ತು."

ನಾನು ಎದ್ದು ನಿಂತೆ. ಹೆಣ್ಣುಮಕ್ಕಳು ಅಲ್ಲಿ ಬಾಯಿ ಬಿಡುವಂತಿಲ್ಲ ಅಂತ ನನಗೂ ಗೊತ್ತಿತ್ತು. "ಅವನು ಎಲೆ ಅಡಿಕೆ ಹಾಕೋದೇ ಇಲ್ಲ ಸ್ವಾಮಿ. ಸುಣ್ಣ ಅವನ ನಾಲಿಗೆಗೆ ಆಗಲ್ಲ. ಆ ಏರಿ ಮೇಲೆ ಅವನು ನಡೀಲೇ ಇಲ್ಲ. ಅಲ್ಲಿ ಮೂವರಿದ್ದರು" ಅಂದೆ.

ಜವಾನ ಕೂತ್ಕೋ ಕೂತ್ಕೋ ಅಂತ ಓಡಿಬಂದ. ಜಡ್ಜ್ ಸಾಹೇಬರು ಅವನನ್ನು ತಡೆದರು. ಒಳ್ಳೆಯ ಮನುಷ್ಯರೇ ಇರಬೇಕು. ನಮ್ಮ ವಕೀಲರ ಕಡೆ ತಿರುಗಿ, "ಬೇರೆಯವರು ಇದ್ದದ್ದು ನಿಜವಾದರೆ ಈಗಲೇ ಹೇಳಿ, ಮತ್ತೆ ಸಾಕ್ಷಿ ತೆಗೆದುಕೊಳ್ಳಲು ಹೇಳುತ್ತೇನೆ" ಅಂದರು. ವಕೀಲರು ಹಿಂದಿನ ಬೆಂಚಿನ ಕಡೆ ನೋಡಿದರು. ಇಡೀ ಕೋರ್ಟು ಆ ಕಡೆ ನೋಡಿತು.

ದೊಡ್ಡಣ್ಣ ಕೈ ಮುಗಿದುಕೊಂಡು ಎದ್ದ. "ನಮ್ಮ ತಂಗಿ ಸ್ವಾಮಿ. ಬಾಣಂತಿ ಸನ್ನಿ ಆಗಿ ತಲೆ ನೆಟ್ಟಗಿಲ್ಲ. ಬುದ್ಧೀರು ಮನ್ನಿಸ್ಬೇಕು."

ಚಿಕ್ಕಣ್ಣ ನೆಲ ನೋಡಿದ. ಯಜಮಾನರು, ಅಯ್ಯೋ ಪಾಪ ಅನ್ನುವ ಮುಖ ಮಾಡಿಕೊಂಡು ತಲೆಯಾಡಿಸಿದರು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ನನ್ನಿಂದ ಸ್ವಲ್ಪ ದೂರ ಸರಿದು ಕೂತಳು.

ಜಡ್ಜ್ ಸಾಹೇಬರು ತಮ್ಮನನ್ನೇ ಕೇಳಿದರು. "ನೀನು ಹೇಳಪ್ಪ. ನಿನ್ನ ಅಕ್ಕ ಹೇಳುವುದು ನಿಜವೋ?"

ತಮ್ಮ ನನ್ನನ್ನು ನೋಡಿದ, ಅಣ್ಣಂದಿರನ್ನು ನೋಡಿದ. ಕೈಕೋಳದ ಕೈಯಿಂದ ಮೂಗು ಒರೆಸಿಕೊಂಡ. "ಎಲೆ ಅಡಿಕೆ ಹಾಕ್ಕೊಂಡೆ ಬುದ್ಧಿ" ಅಂದ.

ಮುಗಿಯಿತು. ಶಿಕ್ಷೆಗಳು ಒಂದರ ಹಿಂದೆ ಒಂದು ನಡೆಯತಕ್ಕದ್ದು, ಕೆಳಗಿನ ಕೋರ್ಟಿನ ತೀರ್ಪಿನಲ್ಲಿ ತಪ್ಪಿಲ್ಲ. ಮೆಟ್ಟಿಲಿಳಿಯುವಾಗ ದೊಡ್ಡಣ್ಣ ನನ್ನ ಜಡೆ ಹಿಡಿದು ಎಳೆದು, ಇನ್ನು ನಮ್ಮ ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆ ಅಂದ. ನನ್ನ ಗಂಡ, ನಿಮಗೆ ಮುರಿಯೋದು ಅಭ್ಯಾಸ ಅಲ್ವಾ ಭಾವ ಅಂದರು. ಅವರು ಜೀವಮಾನದಲ್ಲಿ ಆಡಿದ ಒಂದೇ ಕುಹಕದ ಮಾತು ಅದು.

ತಮ್ಮನನ್ನು ಬೆಂಗಳೂರಿನ ದೊಡ್ಡ ಜೈಲಿಗೆ ಸಾಗಿಸಿದರು. ಎರಡು ವರ್ಷ ತುಂಬಿತು. ಒಟ್ಟಿಗೆ ನಡೆದಿದ್ದರೆ ಅವನು ಮನೆಗೆ ಬರುವ ವರ್ಷ. ಅದರ ಮುಂದಿನ ವರ್ಷ ಅವ್ವ ಸತ್ತಳು. ಸಾಯುವಾಗ ಚಿಕ್ಕೋನು ಎಲ್ಲಿ ಅಂತ ಕೇಳಿದಳಂತೆ, ಅತ್ತಿಗೆ ಆಮೇಲೆ ಹೇಳಿದಳು. ಗದ್ದೆಗೆ ನೀರು ಕಟ್ಟಲು ಹೋಗವ್ನೆ ಅಂತ ದೊಡ್ಡಣ್ಣ ಹೇಳಿದನಂತೆ. ನನಗೆ ಸುದ್ದಿ ಕಳಿಸಲಿಲ್ಲ. ತಮ್ಮನಿಗೂ ಕಳಿಸಲಿಲ್ಲ. ಅವನಿಗೆ ಗೊತ್ತಾದದ್ದು ಹೊರಗೆ ಬಂದ ಮೇಲೆ.

ಅವನು ಹೊರಗೆ ಬರುವಾಗ ಯುದ್ಧದ ಕಾಲ, ಇದ್ದಿಲಿನಲ್ಲಿ ಓಡುವ ಬಸ್ಸು. ಕೊರಟಗೆರೆಯಲ್ಲಿ ಅವನನ್ನು ಎದುರುಗೊಳ್ಳಲು ಹೋದವರು ನಾನು ಮತ್ತು ನನ್ನ ಗಂಡ. ನಮ್ಮ ಜೊತೆ ಕೊಡಿಗೇನಹಳ್ಳಿಗೆ ಬಾ, ಅಂಗಡಿಯಲ್ಲಿರು ಅಂತ ಕಾಲು ಹಿಡಿಯುವಷ್ಟು ಬೇಡಿಕೊಂಡೆ. "ಮನೆ ಅಲ್ಲೈತಲ್ಲಕ್ಕ" ಅಂದ. ಅವ್ವ ಇಲ್ಲ ಅಂತ ಹೇಳಿದ ಮೇಲೂ ಅದೇ ಮಾತು. ಹೊಸ್ತಿಲು ತುಳಿಯಬೇಡ ಅಂದಿದ್ದರೂ ನಾನು ಅವನ ಹಿಂದೆಯೇ ಊರಿಗೆ ಹೋದೆ.

ಜೈಲಿನ ಅನ್ನ ತಿಂದು ಬಂದವನು ಕುಲಕ್ಕೆ ಹೊರಗು. ಶುದ್ಧಿಯಾಗದೆ ಮನೆಯ ಒಳಗೆ ಬರುವಂತಿಲ್ಲ, ಅವನ ಕೈ ನೀರು ಯಾರೂ ಮುಟ್ಟುವಂತಿಲ್ಲ. ಊರ ಹೊರಗೆ ಅವನಿಗೆ ಮಲಗಲು ಚಾಪೆ ಕೊಟ್ಟವನು ಯಾರು ಅಂದುಕೊಂಡಿರಿ? ನೀರುಗಂಟಿ. ಮುರಿದ ಕೈ ಸೊಟ್ಟಗೆ ಕೂಡಿಕೊಂಡಿತ್ತು, ಎಡಗೈಯಲ್ಲಿ ಚೆಂಬು ಹಿಡಿದು ತಮ್ಮನಿಗೆ ನೀರು ಹಾಕಿದ. "ನಾನು ಸುಳ್ಳೇಳ್ಲಿಲ್ಲ ಕಣವ್ವ" ಅಂದ ನನಗೆ. "ಕಂಬಳಿ ತೆಗೆದಾಗ ಯಾರ ಮೊಕ ಕಂಡೆ ಅಂದ್ರು, ಹೇಳ್ದೆ. ಕಂಬಳಿ ಹಾಕ್ದೋರು ಯಾರು ಅಂತ ಒಬ್ರೂ ಕೇಳ್ಲಿಲ್ಲ."

ಶುದ್ಧಿ ಅಂದರೆ ನಮ್ಮಲ್ಲಿ ಚಿನ್ನದ ತುಂಡು ಕಾಯಿಸಿ ನಾಲಿಗೆಗೆ ಮುಟ್ಟಿಸುತ್ತಾರೆ. ತೀರ್ಥ ಕುಡಿಸುತ್ತಾರೆ. ಆಮೇಲೆ ಹಿರಿಯರ ಜೊತೆ ಕೂತು ಒಂದೇ ತಟ್ಟೆಯ ವೀಳ್ಯ ಹಾಕಿಕೊಂಡರೆ ಅವನು ಮತ್ತೆ ನಮ್ಮವನು. ಚಿನ್ನವನ್ನು ಹೆಸರಿಗೆ ಒಮ್ಮೆ ಮುಟ್ಟಿಸಿ ತೆಗೆಯುವುದು ವಾಡಿಕೆ. ಜನ ಸೇರಿದರು, ಯಜಮಾನರು ಎಲೆಯ ಚೀಲ ಬಿಚ್ಚಿದರು. ಆಗ ದೊಡ್ಡಣ್ಣ ಎದ್ದು ಕೇಳಿದ. "ಒಂದು ಸಲ ಸಾಕಾ ಯಜಮಾನ್ರೇ? ಕೋರ್ಟಿನೋರು ಮೂರು ತಪ್ಪು ಅಂದವ್ರೆ. ಮೇಲಿನ ಕೋರ್ಟೂ ಮೂರೇ ಅಂತು."

ತಮ್ಮ ಹೆದರಿ ಬೇಡ ಅಂದು ಎಲ್ಲಾದರೂ ಹೊರಟುಹೋಗಲಿ, ಅವನ ಪಾಲಿನ ಹೊಲ ತಮಗೇ ಉಳಿಯಲಿ. ದೊಡ್ಡಣ್ಣನ ಹೊಟ್ಟೆಯಲ್ಲಿದ್ದದ್ದು ಇಷ್ಟೇ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು.

ನಾನು ಕೇಳಿದೆ. "ಒಂದು ಜಗಳಕ್ಕೆ ಒಂದು ತಪ್ಪು ಅಂದೋರು ನೀವೇ ಅಲ್ವಾ ಯಜಮಾನ್ರೇ? ಆ ಮಾತು ನಂಬಿ ತಾನೆ ಇವನು ಹೋದದ್ದು?"

ಯಜಮಾನರು ಒಂದು ಎಲೆಯ ನಾರು ಬಿಡಿಸಿದರು. "ಅದು ಆವಾಗಿನ ಮಾತು ಕಣಮ್ಮ. ದೊಡ್ಡ ದೊಡ್ಡ ಜಡ್ಜುಗಳೇ ಮೂರು ಅಂದ್ಮೇಲೆ ನಾನು ಒಂದು ಅಂದ್ರೆ ನಾಳೆ ಊರು ಕೇಳಾಕಿಲ್ವಾ? ಮೂರು ಸಲ ಆಗ್ಲಿ. ಒಂದು ವಾಸಿಯಾದ್ಮೇಲೆ ಇನ್ನೊಂದು."

ತಮ್ಮ ಬೇಡ ಅನ್ನಲಿಲ್ಲ. ಮೂರು ಸಲವೂ ತಾನೇ ಬಂದು ಕೂತ, ತಾನೇ ಬಾಯಿ ತೆಗೆದ. ನಡುವೆ ಗಾಯ ಮಾಯುವವರೆಗೆ ನೀರುಗಂಟಿಯ ಗುಡಿಸಲಿನಲ್ಲಿ ತಣ್ಣನೆ ಅಂಬಲಿ ಕುಡಿದುಕೊಂಡಿದ್ದ. ಅದೇ ಗುಡಿಸಲಿಗೆ ನುಗ್ಗಿದ್ದಕ್ಕೆ ಅವನಿಗೆ ಒಂದು ವರ್ಷ ಆಗಿತ್ತು. ಮೂರನೆಯ ಸಲ ಚಿನ್ನ ಹಿಡಿದವನು ಅದನ್ನು ಸ್ವಲ್ಪ ಹೆಚ್ಚು ಹೊತ್ತೇ ಇಟ್ಟ. ತಮ್ಮನ ಗಂಟಲಿನಿಂದ ಒಂದು ಸದ್ದು ಬಂತು, ಹೆಂಗಸರು ಒಳಗೆ ಹೋದರು. ನಾನು ಹೋಗಲಿಲ್ಲ. ನೋಡಬೇಕು ಅಂತಲೇ ನಿಂತೆ.

ತೀರ್ಥವಾಯಿತು. ಯಜಮಾನರ ಮುಂದೆ ವೀಳ್ಯದ ತಟ್ಟೆ ಬಂತು. ಅವರು ತಾವೇ ಎರಡು ಎಲೆ ಒರೆಸಿ, ಸುಣ್ಣ ಬಳಿದು, ಅಡಿಕೆ ಇಟ್ಟು ಮಡಿಸಿದರು. ನಾಲ್ಕು ವರ್ಷ ಆ ಕತೆಯನ್ನು ಊರೂರಲ್ಲಿ ಹೇಳಿ ಹೇಳಿ ಅವರೇ ಅದನ್ನು ನಂಬಿಬಿಟ್ಟಿದ್ದರು. ಆ ಮುಖದಲ್ಲಿ ಕುಹಕವೂ ಇರಲಿಲ್ಲ. ಪ್ರೀತಿಯಿಂದಲೇ ಕೊಟ್ಟರು.

"ಹಾಕ್ಕೊಳಪ್ಪ" ಅಂದರು. "ನಿಂಗೇನು ಹೊಸದಾ. ಏರಿ ಮೇಲೆ ಕುಂತು ಹಾಕ್ಕೊಂಡೋನಲ್ವ ನೀನು."

ತಮ್ಮ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡ. ಬಾಯಿಗೆ ಇಟ್ಟುಕೊಂಡು ಅಗಿದ. ಕಣ್ಣಿನಿಂದ ನೀರು ಇಳಿದು ಕೊರಳವರೆಗೆ ಹೋಯಿತು. ಅಣ್ಣಂದಿರೂ ಅದೇ ತಟ್ಟೆಯಿಂದ ಎತ್ತಿ ಹಾಕಿಕೊಂಡು ಅವನ ಅಕ್ಕಪಕ್ಕ ಕೂತು ಅಗಿಯುತ್ತಿದ್ದರು. ಹಿರಿಯರ ಮುಂದೆ ಉಗುಳಬಾರದು ಅಂತ ಚಿಕ್ಕಂದಿನಲ್ಲಿ ಅವ್ವ ಕಲಿಸಿದ್ದಳು. ಅವನು ಉಗುಳಲಿಲ್ಲ, ಎಲ್ಲವನ್ನೂ ನುಂಗಿದ.